ಹೂತ ದಿಮ್ಮಿ ಮತ್ತು ಹದಿನಾಲ್ಕನೆಯ ಸಾಲು

ಅಪಾಯಗಳ ದಾಖಲೆಯ ಹದಿನಾಲ್ಕನೆಯ ಸಾಲನ್ನು ಬರೆದವನು ನಾನೇ. ‘ಎಡದಂಡೆಯ ಹೂತ ದಿಮ್ಮಿ ಕಿತ್ತು ಬರುವುದು. ಸಂಭವ: ಒಂದು. ಪರಿಣಾಮ: ಐದು. ಗುಣಲಬ್ಧ: ಐದು. ಕ್ರಮ: ಎಳೆದು ಪರೀಕ್ಷಿಸುವುದು. ಸ್ಥಿತಿ: ಪರೀಕ್ಷೆ ಮುಗಿದಿದೆ.’ ಅಕ್ಷರಗಳು ದುಂಡಗಿದ್ದವು, ವಿರಾಮಚಿಹ್ನೆಗಳು ತಮ್ಮ ತಮ್ಮ ಜಾಗದಲ್ಲಿದ್ದವು, ಸಾಲಿನ ಕೊನೆಯ ಚೌಕದಲ್ಲಿ ಹಸಿರು ಬಣ್ಣ ತುಂಬಿತ್ತು. ಆ ಹಸಿರನ್ನು ನಂಬಿ ಇಬ್ಬರು ಮನುಷ್ಯರು ಒಂದು ಕಂಬದ ಬುಡದಲ್ಲಿ ನಿಲ್ಲಬೇಕಾಗಿತ್ತು. ಅವರು ನಿಲ್ಲಬೇಕಾಗಿದ್ದ ದಿನದ ಬೆಳಗ್ಗೆಯಿಂದ ಇಂದಿನವರೆಗೂ ಹಸಿರು ಚೌಕ ಕಂಡರೆ ನನಗೆ ಒಳಗೊಳಗೇ ನಡುಕ ಬರುತ್ತದೆ.

ಕೆಲಸ ದೊಡ್ಡದೇನಲ್ಲ. ಮಲೆನಾಡಿನ ನೆಮ್ಮಾರಿನಿಂದ ಒಳಗೆ, ಹಳ್ಳವೊಂದರ ಆಚೆ ಹನ್ನೊಂದು ಮನೆಗಳಿವೆ. ಹೆಚ್ಚಿನವರು ಎಸ್ಟೇಟು, ಗದ್ದೆಗಳಲ್ಲಿ ಕೂಲಿ ಮಾಡುವವರು. ಅವರಿಗಾಗಿ ಹದಿನಾರು ಮೀಟರ್ ಉದ್ದದ ಉಕ್ಕಿನ ಕಾಲುಸೇತುವೆ ಕಟ್ಟಿಕೊಡುವುದನ್ನು ನಮ್ಮ ಸಂಸ್ಥೆ ಒಪ್ಪಿಕೊಂಡಿತ್ತು. ಮೇಷ್ಟ್ರ ಕೆಲಸ ಬಿಟ್ಟ ಮೇಲೆ ಆ ಸಂಸ್ಥೆ ಸೇರಿದ್ದ ನನ್ನದು ಮೇಲ್ವಿಚಾರಣೆ. ಎರಡೂ ದಂಡೆಗಳ ಕಾಂಕ್ರೀಟ್ ಪೀಠಗಳು ಮುಗಿದಿದ್ದವು. ಉಳಿದದ್ದು ಎರಡು ಗರ್ಡರ್‌ಗಳನ್ನು ಬಲದಂಡೆಯಿಂದ ಮನೆಗಳಿರುವ ಎಡದಂಡೆಗೆ ದಾಟಿಸುವುದು. ಉದ್ದನೆಯ ಉಕ್ಕಿನ ತೊಲೆಗಳವು, ಒಂದೊಂದೂ ಒಂದು ಟನ್ನಿಗೆ ಮೇಲೆ. ಕ್ರೇನ್ ಬರುವ ದಾರಿಯಿಲ್ಲ; ಎಲ್ಲವನ್ನೂ ಕೈಯಿಂದಲೇ ಆಗಿಸಬೇಕು.

ನಾವು ಗೊತ್ತುಮಾಡಿದ್ದ ಕ್ರಮ ಹೀಗಿತ್ತು. ಎಡದಂಡೆಯ ಪೀಠದ ಹಿಂದೆ ಎತ್ತರದ ಕಬ್ಬಿಣದ ಕಂಬ ನಿಲ್ಲಿಸುವುದು. ಕಂಬದ ತುದಿಯ ರಾಟೆಯಿಂದ ಉಕ್ಕಿನ ಹಗ್ಗ ಇಳಿಬಿಟ್ಟು ಗರ್ಡರಿನ ಮೂತಿಗೆ ಕಟ್ಟುವುದು. ಗರ್ಡರಿನ ಬಾಲ ಬಲದಂಡೆಯ ರೋಲರುಗಳ ಮೇಲೆ ಉರುಳುತ್ತ ಬರುವಾಗ ಮೂತಿಯ ಭಾರವನ್ನು ಕಂಬ ಹೊರುತ್ತದೆ. ಕಂಬ ಹಳ್ಳದತ್ತ ಬಾಗದಂತೆ ಅದರ ತುದಿಯನ್ನು ಹಿಂದಕ್ಕೆ ಎಳೆದು ಹಿಡಿಯುವುದು ಮತ್ತೊಂದು ಹಗ್ಗ. ಆ ಹಗ್ಗದ ಬುಡ ಇರುವುದು ನೆಲದೊಳಗೆ ಆರು ಅಡಿ ಆಳದಲ್ಲಿ ಅಡ್ಡಲಾಗಿ ಹೂತ ಮರದ ದಿಮ್ಮಿಯಲ್ಲಿ. ಹದಿನಾಲ್ಕನೆಯ ಸಾಲಿನ ದಿಮ್ಮಿ ಅದೇ. ಅದು ಕಿತ್ತುಬಂದರೆ ಕಂಬ ಬೀಳುತ್ತದೆ. ಕಂಬ ಬಿದ್ದರೆ, ಗರ್ಡರಿನ ಮೂತಿಯನ್ನು ಪೀಠದ ಮೇಲೆ ಕೂರಿಸಲು ನಿಂತ ಇಬ್ಬರ ಮೇಲೆಯೇ ಬೀಳುತ್ತದೆ.

ಆ ಇಬ್ಬರಲ್ಲಿ ಒಬ್ಬನು ನಮ್ಮ ಮೇಸ್ತ್ರಿ. ಮುತ್ತಿನಕೊಪ್ಪದ ಕಡೆಯವನು, ಮೂವತ್ತೈದರ ಆಸುಪಾಸಿನವನು. ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ ಎರಡು ವರ್ಷ ನನ್ನ ತರಗತಿಯಲ್ಲಿ ಕೂತಿದ್ದವನು. ಉಕ್ಕನ್ನು ಮುಟ್ಟಿದರೆ ಅದರ ಮಾತು ತಿಳಿಯುವವನು; ನನ್ನ ಎದುರು ಮಾತ್ರ ಮಾತು ಕಡಿಮೆ.

ಕಚೇರಿ ಕಳುಹಿಸಿದ ‘ಅಪಾಯ ಮತ್ತು ಅವಕಾಶಗಳ ದಾಖಲೆ’ಯಲ್ಲಿ ಇಪ್ಪತ್ತೇಳು ಅಪಾಯಗಳನ್ನು ನಾನು ತುಂಬಿಸಿದ್ದೆ. ಪ್ರತಿಯೊಂದಕ್ಕೂ ಐದರೊಳಗೆ ಸಂಭವದ ಅಂಕ, ಐದರೊಳಗೆ ಪರಿಣಾಮದ ಅಂಕ. ಎರಡನ್ನೂ ಗುಣಿಸಿದರೆ ಬರುವ ಸಂಖ್ಯೆಗೆ ತಕ್ಕ ಬಣ್ಣ. ಕೊನೆಯ ಎರಡು ಪುಟಗಳು ಅವಕಾಶಗಳಿಗೆ ಮೀಸಲು. ಕೆಲಸ ನಡೆಯುವಾಗ ಎದುರಾಗುವ, ಹಿಡಿದುಕೊಂಡರೆ ಲಾಭವಾಗುವ ಸಂಗತಿಗಳನ್ನು ಅಲ್ಲಿ ಬರೆಯಬೇಕಂತೆ. ಆ ಪುಟಗಳು ಖಾಲಿ ಇದ್ದವು. ಹಳ್ಳದ ನಡುವೆ ಉಕ್ಕು ತೂಗಾಡಿಸುವ ಕೆಲಸದಲ್ಲಿ ಎಂಥ ಅವಕಾಶ ಎಂಬುದು ನನ್ನ ಭಾವನೆಯಾಗಿತ್ತು.

ಪ್ರತಿ ಸೋಮವಾರ ಬೆಳಗ್ಗೆ ಎಲ್ಲರನ್ನೂ ಕೂರಿಸಿ ದಾಖಲೆಯನ್ನು ಓದುತ್ತಿದ್ದೆ. ಮೊದಲನೆಯ ಸೋಮವಾರ, “ಇದರಲ್ಲಿ ಬಿಟ್ಟುಹೋದ ಅಪಾಯ ಯಾವುದಾದರೂ ಇದೆಯೇ? ಏನು ಕೆಡಬಹುದು? ಧೈರ್ಯವಾಗಿ ಹೇಳಿ” ಎಂದೆ. ಯಾರೂ ತುಟಿ ಬಿಚ್ಚಲಿಲ್ಲ. “ಉದಾಹರಣೆಗೆ, ಗರ್ಡರ್ ಜಾರಿ ಯಾರಾದರೂ ಅದರ ಕೆಳಗೆ—” ಎನ್ನುವಷ್ಟರಲ್ಲಿ ಹಿಂದಿನಿಂದ ಹೆಂಗಸೊಬ್ಬರ ದನಿ ಕೇಳಿತು:

“ಬಿಡ್ತು ಅನ್ನಿ ಮೇಷ್ಟ್ರೇ! ಬೆಳಗಾ ಮುಂಚೆ ಎಂತ ಮಾತು ಅಂತ ಆಡ್ತೀರಿ? ಮೇಲೆ ಅಸ್ತು ದೇವತೆಗಳು ತಿರುಗ್ತಾ ಇರ್ತಾರೆ. ನೀವು ಹೇಳಿದ್ದಕ್ಕೆಲ್ಲ ಅವ್ರು ಅಸ್ತು ಅಂದುಬಿಟ್ರೆ?”

ಆಕೆ ಹಳ್ಳದಾಚೆಯ ಹನ್ನೊಂದು ಮನೆಗಳ ಪೈಕಿ ಒಂದರವರು. ನಮ್ಮಲ್ಲಿ ಕಲ್ಲು, ಜಲ್ಲಿ ಹೊರುವ ಕೆಲಸಕ್ಕೆ ಬರುತ್ತಿದ್ದರು. ಎಲ್ಲರೂ ನಕ್ಕರು. ನಾನೂ ಅನಿವಾರ್ಯವಾಗಿ “ಬಿಡ್ತು” ಎಂದೆ. ಅನಂತರದ ಸೋಮವಾರಗಳಲ್ಲಿ ನಾನು ಓದುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು, “ಎಲ್ಲ ಸರಿ ಆಗ್ತದೆ ಸಾರ್” ಎನ್ನುತ್ತಿದ್ದರು. ಇಪ್ಪತ್ತೇಳು ಅಪಾಯಗಳಲ್ಲಿ ಒಂದಕ್ಕೂ ಬೇರೆಯವರ ಬಾಯಿಯಿಂದ ಒಂದು ಪದ ಸೇರಲಿಲ್ಲ.

ಆಕೆಯ ವಿಷಯ ಇನ್ನೊಂದು ಮಾತು ಹೇಳಬೇಕು. ಗಂಡನಿಗೆ ಮೂತ್ರಪಿಂಡ ಕೆಟ್ಟು ಎರಡು ವರ್ಷವಾಗಿತ್ತು. ಮಂಗಳವಾರ, ಶುಕ್ರವಾರ ಕೊಪ್ಪಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಮರದ ಕಾಲುಸಂಕ ದಾಟಿ ಬಂದು ಆಟೋ ಹಿಡಿಯುತ್ತಿದ್ದರು. ಹಳ್ಳದ ನಡುವೆ ಬಂಡೆಯ ಮೇಲೆ ಮರದ ಚೌಕಟ್ಟು ಕೂರಿಸಿ, ಅದರ ಒಳಗೆ ಕಲ್ಲು ತುಂಬಿದ ಗೂಡೊಂದಿತ್ತು. ಗೂಡಿನಿಂದ ಎರಡೂ ದಂಡೆಗಳಿಗೆ ಕಾಡುಮರದ ದಿಮ್ಮಿಗಳನ್ನು ಹಾಸಿ ಪ್ರತಿವರ್ಷ ಸಂಕ ಮಾಡುತ್ತಾರೆ. ಮಳೆಗಾಲಕ್ಕೆ ಮೊದಲು ದಿಮ್ಮಿಗಳನ್ನು ಬಿಚ್ಚಿ ಮೇಲಿಡುತ್ತಾರೆ, ಇಲ್ಲದಿದ್ದರೆ ಹಳ್ಳ ಅವನ್ನು ಒಯ್ಯುತ್ತದೆ. ಆ ಮೇಲೆ ನಾಲ್ಕು ತಿಂಗಳು ಆಚೆಯವರು ಆಚೆ. ಕಳೆದ ಮಳೆಗಾಲವಿಡೀ ಆಕೆ ಗಂಡನನ್ನು ಕೊಪ್ಪದ ಪರಿಚಿತರೊಬ್ಬರ ಜಗುಲಿಯಲ್ಲಿ ಇರಿಸಿದ್ದರು. ಈ ವರ್ಷ ಆ ಮನೆಯವರು ತಮ್ಮಿಂದಾಗದು ಎಂದಿದ್ದರು. ಸೇತುವೆ ಮಳೆಗೆ ಮುಂಚೆ ಆಗದಿದ್ದರೆ ಆ ಮನುಷ್ಯನ ಗತಿಯೇನು ಎಂಬುದನ್ನು ಆಕೆ ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳುವುದೂ ಅಪಶಕುನ.

ದಿಮ್ಮಿಯ ಪರೀಕ್ಷೆಯನ್ನು ಕ್ರಮಬದ್ಧವಾಗಿಯೇ ಮಾಡಿದ್ದೆವು. ಸನ್ನೆಕೋಲು ಜಗ್ಗಿ ಹಗ್ಗ ಎಳೆಯುವ ವಿಂಚಿನಿಂದ, ಬರಬೇಕಾದ ಭಾರಕ್ಕಿಂತ ಕಾಲುಭಾಗ ಹೆಚ್ಚು ಬಲ ಹಾಕಿ ಹತ್ತು ನಿಮಿಷ ಹಿಡಿದೆವು. ಹಗ್ಗಕ್ಕೆ ಕಟ್ಟಿದ ದಾರದ ಗುರುತು ಕೂದಲೆಳೆಯಷ್ಟೂ ಅಲುಗಲಿಲ್ಲ. ಅದು ಒಣನೆಲ. ಆಮೇಲಿನ ಐದು ದಿನಗಳಲ್ಲಿ ಮೂರು ಸಂಜೆ ಗುಡುಗು ಸಹಿತ ಮಳೆಯಾಯಿತು. ನೆಲ ನೆನೆದ ಮೇಲೆ ಮರುಪರೀಕ್ಷೆ ಮಾಡಬೇಕೆಂದು ದಾಖಲೆಯಲ್ಲಿ ಬರೆದಿರಲಿಲ್ಲ. ಬರೆದಿರದ ಕಾರಣ ಅದು ನನಗೆ ಹೊಳೆಯಲಿಲ್ಲ. ನನ್ನ ಕ್ರಮಪ್ರೀತಿಯ ದೋಷ ಇದೇ: ಚೌಕ ತುಂಬಿತೆಂದರೆ ಕಣ್ಣು ಮುಂದಿನ ಚೌಕಕ್ಕೆ ಹೋಗುತ್ತದೆ.

ಗುರುವಾರ ಗರ್ಡರ್ ದಾಟಿಸುವ ದಿನ. ಎಡದಂಡೆಯಲ್ಲಿ ಕಂಬಕ್ಕೆ ಹೂ ಹಾಕಿ, ಊರ ಹಿರಿಯರೊಬ್ಬರು ಕಾಯಿ ಒಡೆದರು. ಕಾಯಿ ಸರಿಸಮನಾಗಿ ಎರಡು ಹೋಳಾಯಿತು. ಹನ್ನೊಂದು ಮನೆಗಳವರೂ ನೆರೆದಿದ್ದರು. ಆಕೆಯ ಗಂಡನನ್ನೂ ಕುರ್ಚಿ ಹಾಕಿ ಕೂರಿಸಿದ್ದರು. ಪೂಜೆ ಮುಗಿದ ಕೂಡಲೇ ಸಂಕವನ್ನೂ ನಡುವಿನ ಗೂಡನ್ನೂ ಕೆಡವುವುದು, ಆ ಬಳಿಕ ಗರ್ಡರ್ ಎಳೆಯುವುದು ಎಂದು ಗೊತ್ತಾಗಿತ್ತು. ಗೂಡು ಸೇತುವೆಯ ರೇಖೆಯ ನೇರ ಕೆಳಗಿತ್ತು. ಗರ್ಡರ್ ತೂಗಿಬರುವಾಗ ಅದಕ್ಕೆ ತಗುಲಬಾರದೆಂದು ಒಂಬತ್ತನೆಯ ಸಾಲಿನಲ್ಲಿ ‘ಅಪಾಯ: ಹಳೆಯ ಸಂಕ. ಕ್ರಮ: ಕೆಡವುವುದು’ ಎಂದು ನಾನು ಬರೆದಿದ್ದೆ.

ಪ್ರಸಾದ ಹಂಚುತ್ತಿದ್ದಾಗ ಕೊನೆಯ ಸಲ ನೋಡಿಬರೋಣವೆಂದು ದಿಮ್ಮಿ ಹೂತ ಜಾಗಕ್ಕೆ ಹೋದೆ. ಸುತ್ತಲಿನ ನೆಲದ ಮೇಲೆ ಮಳೆಹನಿ ಬಿದ್ದ ಸಣ್ಣ ಸಣ್ಣ ಕುಳಿಗಳಿದ್ದವು. ಗುಂಡಿಯ ಅಂಚಿನಲ್ಲಿ ಮಾತ್ರ, ಹಳ್ಳದ ಕಡೆಗೆ, ಒಂದು ಗೇಣು ಅಗಲದ ಪಟ್ಟಿಯಲ್ಲಿ ಆ ಕುಳಿಗಳಿರಲಿಲ್ಲ. ಅಲ್ಲಿಯ ಮಣ್ಣು ಹೊಸದು, ಕಾಲಿನಿಂದ ತುಳಿದು ನಯ ಮಾಡಿದ್ದು. ಬರೆದುದನ್ನು ಉಜ್ಜಿ ಅಳಿಸಿ ಅದರ ಮೇಲೆಯೇ ಮತ್ತೆ ಬರೆದ ಉತ್ತರಪತ್ರಿಕೆಗಳನ್ನು ನಾನು ಸಾವಿರಗಟ್ಟಲೆ ನೋಡಿದ್ದೇನೆ. ಕಾಗದ ಅಲ್ಲಿ ಹೀಗೆಯೇ ಬೇರೆಯಾಗಿ ಕಾಣುತ್ತದೆ.

ಮೇಸ್ತ್ರಿಯನ್ನು ಕರೆದು, “ಇಲ್ಲಿ ಏನಾಗಿತ್ತು?” ಎಂದು ಕೇಳಿದೆ.

“ಎಂತ ಇಲ್ಲ ಸಾರ್. ಮಳೆಗೆ ಸ್ವಲ್ಪ ಮಣ್ಣು ಕೂತಿತ್ತು. ತುಂಬಿಸಿ ತುಳಿದೆ.”

“ಬಿರುಕು ಬಿಟ್ಟಿತ್ತೆ?”

“ಸಣ್ಣದು ಸಾರ್.” ಅವನು ನನ್ನ ಮುಖ ನೋಡದೆ ಕೈಗವಸು ಸರಿಮಾಡಿಕೊಂಡ.

“ಗಟ್ಟಿ ಇದೆಯೋ ಇಲ್ಲವೋ?”

“ಗಟ್ಟಿ ಅದೆ ಸಾರ್.”

ಅದು ತರಗತಿಯ ಹಿಂದಿನ ಬೆಂಚಿನಿಂದ ಬರುವ ಉತ್ತರ. ಮೇಷ್ಟ್ರಿಗೆ ಯಾವುದು ಬೇಕೋ ಅದು. ಅವನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಆಕೆ ಪ್ರಸಾದದ ಬಾಳೆಎಲೆ ಹಿಡಿದು ನಿಂತಿದ್ದರು. ದೃಷ್ಟಿ ನನ್ನ ಮೇಲಿರಲಿಲ್ಲ, ಗುಂಡಿಯ ಮೇಲಿತ್ತು. ‘ಈ ದಿಮ್ಮಿ ಕಿತ್ತು ಬರಬಹುದೇ’ ಎಂದು ಕೇಳಿದರೆ ಬರುವ ಉತ್ತರ ನನಗೆ ಗೊತ್ತಿತ್ತು. ಕಾಯಿ ಒಡೆದ ಜಾಗದಲ್ಲಿ ಅಂಥ ಮಾತನ್ನು ಯಾರೂ ಆಡಲಾರರು. ಆಗ ಬೇರೆ ರೀತಿ ಕೇಳಬೇಕೆಂದು ತೋಚಿತು.

“ಅಮ್ಮಾ, ಮುಂದೆ ಆಗುವ ಮಾತು ಬೇಡ. ಈ ಜಾಗದಲ್ಲಿ ಹಿಂದೆ ಏನಾದರೂ ಆಗಿತ್ತೆ? ನೀವು ಮದುವೆಯಾಗಿ ಬಂದ ಮೇಲೆ, ಅಥವಾ ಅದಕ್ಕೂ ಮೊದಲು?”

ಆಕೆ ಕುರ್ಚಿಯಲ್ಲಿ ಕೂತಿದ್ದ ಗಂಡನ ಕಡೆ ನೋಡಿದರು. ಆ ನೋಟ ದೀರ್ಘವಾಗಿತ್ತು. ನಾನು ಏನು ಕೇಳುತ್ತಿದ್ದೇನೆಂಬುದು ಆಕೆಗೆ ತಿಳಿದಿತ್ತು; ತಾನು ಬಾಯಿಬಿಟ್ಟರೆ ಯಾರ ದಾರಿ ಮುಚ್ಚಬಹುದೆಂಬುದೂ ತಿಳಿದಿತ್ತು. ಅದು ನನಗೆ ಅರ್ಥವಾದದ್ದು ಆಮೇಲೆ.

“ನಮ್ಮ ಮಾವನ ಎಮ್ಮೆ ಇಲ್ಲೇ ಹೂತುಹೋಗಿತ್ತು,” ಎಂದರು. “ಹೊಟ್ಟೆವರೆಗೆ. ನಾನು ಬಂದ ಮರುವರ್ಷ. ಎಂಟು ಜನ ಹಗ್ಗ ಹಾಕಿ ಎಳ್ದಿದ್ರು. ಮೊದ್ಲು ಹಳ್ಳ ಇಲ್ಲೇ ಹರೀತಿತ್ತಂತೆ ಮೇಷ್ಟ್ರೇ, ಮೇಲಿನ ಗುಡ್ಡದ ಧರೆ ಜರಿದು ತುಂಬಿದ ಮೇಲೆ ಆ ಕಡೆ ತಿರುಗಿದ್ದು. ಮೇಲಿಂದ ಗಟ್ಟಿ ಕಾಣ್ತದೆ. ಒಳಗೆ ಬರೀ ಕೆಸ್ರು.”

ಹಾರೆ ತರಿಸಿದೆ. ದಿಮ್ಮಿಯ ಮುಂದುಗಡೆ ಮೇಸ್ತ್ರಿಯೇ ನೆಲಕ್ಕೆ ಚುಚ್ಚಿದ. ಮೊದಲ ಎರಡು ಅಡಿ ಗಟ್ಟಿ. ಆಮೇಲೆ ಹಾರೆ ತನ್ನ ಭಾರಕ್ಕೇ ಇಳಿಯತೊಡಗಿತು. ಅವನು ಕೈ ಬಿಟ್ಟ. ಅದು ನಿಧಾನವಾಗಿ ಇಳಿಯುತ್ತ, ಹಿಡಿಯುವಷ್ಟು ಮಾತ್ರ ಹೊರಗುಳಿದು ನಿಂತಿತು. ನಾವಿಬ್ಬರೂ ಅದನ್ನು ನೋಡುತ್ತ ನಿಂತೆವು. ಅವನು ಅದೇ ದಿಮ್ಮಿಯನ್ನು ನಂಬಿ ಅರ್ಧ ಗಂಟೆಯೊಳಗೆ ಕಂಬದ ಕೆಳಗೆ ನಿಲ್ಲುವವನಿದ್ದ.

“ಇವತ್ತು ಎಳೆಯುವುದಿಲ್ಲ,” ಎಂದೆ.

ಗುಂಪಿನಲ್ಲಿ ಗುಜುಗುಜು ಎದ್ದಿತು. “ಕಾಯಿ ಒಡೆದು ಆಯ್ತಲ್ಲ ಮಾರಾಯ್ರೇ, ಮುಹೂರ್ತ ಬಿಡೋದಾ?” ಎಂದರು ಹಿರಿಯರು. ಮತ್ತೊಬ್ಬ, “ಎಮ್ಮೆ ಸತ್ತು ಮೂವತ್ತು ವರ್ಷ ಆಯ್ತು, ಈಗ ಬಂದು ಸೇತುವೆಗೆ ಅಡ್ಡ ಮಲಗ್ತಾ?” ಎಂದಾಗ ಕೆಲವರು ನಕ್ಕರು. ಆಕೆ ನಗಲಿಲ್ಲ. ಬಾಳೆಎಲೆಯನ್ನು ಮಡಚಿ ಗಂಡನ ಕುರ್ಚಿಯ ಹಿಂದೆ ಹೋಗಿ ನಿಂತರು.

ಕಚೇರಿಯ ಎಂಜಿನಿಯರಿಗೆ ಫೋನು ಮಾಡಲು ಗುಡ್ಡ ಹತ್ತಿದೆ. ಕೆಳಗೆ ಸಿಗ್ನಲ್ ಇಲ್ಲ. ಅವರು ಎರಡು ದಾರಿ ಹೇಳಿದರು. ಒಂದು, ಗಟ್ಟಿನೆಲ ಹುಡುಕಿ ಬಂಡೆ ಕೊರೆದು ಹೊಸ ಆಧಾರ ಮಾಡುವುದು. ಕೊರೆಯುವ ಯಂತ್ರ ಬರಲು ವಾರ, ಹಾಕಿದ ಸಿಮೆಂಟು ಬಿಗಿಯಲು ಮತ್ತೊಂದು ವಾರ. ಎರಡು, ಕೆಲಸವನ್ನು ಮಳೆಗಾಲದ ಆಚೆಗೆ ಮುಂದೂಡುವುದು. ಎರಡು ವಾರ ಕಳೆದರೆ ಮಳೆಗಾಲವೇ ಹಿಡಿಯುತ್ತದೆ; ಮೊದಲನೆಯದು ಎಂದರೂ ಎರಡನೆಯದೇ ಆಗುತ್ತದೆಂದು ನನಗೆ ಗೊತ್ತಿತ್ತು. ಇಳಿದು ಬರುವಾಗ ಕುರ್ಚಿ ಎದುರಿಗೇ ಕಾಣುತ್ತಿತ್ತು.

ಸಂಕದ ಬಳಿ ಕೂತು ದಾಖಲೆ ಬಿಚ್ಚಿದೆ. ಹದಿನಾಲ್ಕನೆಯ ಸಾಲಿಗೆ ಕೆಂಪು ಹಚ್ಚಬೇಕಿತ್ತು. ಹಸಿರಿನ ಮೇಲೆಯೇ ಹಚ್ಚಿದೆ. ಮೇಸ್ತ್ರಿ ಬಂದು ಎದುರು ನಿಂತ. “ಸಾರ್, ಒಂದು ಹೇಳ್ಬೋದಾ?” ಎಂದ. ಮೂವತ್ತೈದರ ಗಂಡಸು, ಎರಡು ಮಕ್ಕಳ ತಂದೆ, ತೋರುಬೆರಳನ್ನು ಭುಜದವರೆಗೆ ಎತ್ತಿದ್ದ.

“ಹೇಳು.”

“ಈ ಗೂಡು ಬಂಡೆ ಮೇಲೆ ಕೂತದೆ. ಪ್ರತಿ ಮಳೆಗೂ ದಿಮ್ಮಿ ತೆಗೀತಾರೆ, ಗೂಡು ಹಂಗೇ ಇರ್ತದೆ, ಪ್ರವಾಹಕ್ಕೆ ಅಲುಗಿಲ್ಲ. ಇದ್ರ ಮೇಲೆ ಸಂಕದ ದಿಮ್ಮಿಗಳನ್ನೇ ಅಡ್ಡಡ್ಡ ಪೇರಿಸಿ ಎತ್ತರ ಮಾಡಿ ರೋಲರ್ ಇಟ್ರೆ, ಗರ್ಡರ್ ತೂಗೋದೇ ಬೇಡ. ಈ ದಂಡೆಯಿಂದ ಗೂಡಿಗೆ, ಗೂಡಿಂದ ಆ ದಂಡೆಗೆ. ಕಂಬನೂ ಬೇಡ, ಆ ದಿಮ್ಮಿನೂ ಬೇಡ.”

ನಾನು ಹಳ್ಳದ ನಡುವೆ ನೋಡಿದೆ. ಹದಿನಾರು ಮೀಟರಿನ ಸರಿ ಅರ್ಧದಲ್ಲಿ, ರೇಖೆಯ ನೇರ ಕೆಳಗೆ ಅದು ಇತ್ತು. ಕೆಡವಲೆಂದು ಎರಡು ಗುದ್ದಲಿಗಳನ್ನು ಆಗಲೇ ಅದರ ಮೇಲೆ ಇಟ್ಟಿದ್ದರು. ಪೂಜೆ ಇನ್ನೊಂದು ಗಳಿಗೆ ಮೊದಲೇ ಮುಗಿದಿದ್ದರೆ ಗೂಡು ಇರುತ್ತಿರಲಿಲ್ಲ.

“ಇದು ಯಾವಾಗ ಹೊಳೆಯಿತು?”

“ಎರಡು ವಾರ ಆಯ್ತು ಸಾರ್.”

“ಹೇಳಲಿಲ್ಲವೇಕೆ?”

ಅವನು ಗುದ್ದಲಿಗಳನ್ನು ತೆಗೆದಿಡಲು ಗೂಡಿನ ಕಡೆ ನಡೆದ. ನಾನೂ ಆಗ ಒತ್ತಾಯಿಸಲಿಲ್ಲ. ಒಂಬತ್ತನೆಯ ಸಾಲನ್ನು ಅಡ್ಡಗೆರೆ ಎಳೆದು ಹೊಡೆದೆ. ಕೊನೆಯ ಪುಟಕ್ಕೆ ಹೋಗಿ, ಅವಕಾಶಗಳ ಮೊದಲನೆಯ ಸಾಲಿನಲ್ಲಿ ‘ಹಳೆಯ ಸಂಕ’ ಎಂದು ಬರೆದೆ.

ಎಂಜಿನಿಯರು ಫೋಟೋಗಳನ್ನೂ ಅಳತೆಗಳನ್ನೂ ತರಿಸಿಕೊಂಡು, ಲೆಕ್ಕ ಹಾಕಿ, ಎರಡು ಷರತ್ತುಗಳ ಮೇಲೆ ಒಪ್ಪಿದರು. ಗೂಡಿನ ಮೇಲೆ ಒಂದೂವರೆ ಟನ್ ಭಾರವನ್ನು ಒಂದು ಹಗಲು, ಒಂದು ರಾತ್ರಿ ಇಟ್ಟು ನೋಡಬೇಕು. ನೀರು ಏರಿದರೆ ಗೂಡಿನ ಮೇಲಿರುವವರು ಇಳಿಯಬೇಕಾದ ಮಟ್ಟವನ್ನು ಮೊದಲೇ ಗುರುತಿಸಬೇಕು.

ಸಂಕದ ದಿಮ್ಮಿಗಳನ್ನು ಬಿಚ್ಚಿ ಗೂಡಿನ ಮೇಲೆ ಅಡ್ಡಡ್ಡ ಪೇರಿಸಿ, ಕಬ್ಬಿಣದ ಪಟ್ಟಿಯಿಂದ ಬಿಗಿದೆವು. ಮರಳಿನ ಚೀಲಗಳನ್ನು ಹೇರಿದೆವು. ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಗೂಡಿನ ಮಟ್ಟವನ್ನು ಎರಡು ಗಂಟೆಗೊಮ್ಮೆ ನೋಡಿದೆ: ಮೊದಲು ಮೂರು ಮಿಲಿಮೀಟರ್ ಇಳಿಯಿತು, ಮತ್ತೊಂದು ಇಳಿಯಿತು, ಅನಂತರ ಮರುದಿನದವರೆಗೆ ಇಳಿಯಲಿಲ್ಲ. ಗೂಡಿನ ಪಕ್ಕದ ಬಂಡೆಗೆ ಕೆಂಪು ಬಣ್ಣದಲ್ಲಿ ಗೆರೆ ಎಳೆದೆ. ನಡುವೆ ಬಂದ ಶುಕ್ರವಾರ ಆಕೆಯ ಗಂಡನನ್ನು ನಮ್ಮವರೇ ನಾಲ್ವರು ಕುರ್ಚಿಸಹಿತ ಮೊಣಕಾಲಿನಷ್ಟು ನೀರಿನಲ್ಲಿ ದಾಟಿಸಿ, ಸಂಜೆ ಮತ್ತೆ ಕರೆತಂದರು. “ಮದುಮಗನ ಹಂಗೆ ಹೋಗ್ತಿದೀರಲ್ಲ!” ಎಂದು ಯಾರೋ ಕೂಗಿದ್ದಕ್ಕೆ ಅವರು, “ದಿಬ್ಬಣಕ್ಕೆ ವಾಲಗ ಇಲ್ಲ ಅಷ್ಟೇ” ಎಂದರು.

ಭಾನುವಾರ ಬೆಳಗ್ಗೆ ಎಳೆದೆವು. ವಿಂಚನ್ನು ಬಲದಂಡೆಯಲ್ಲಿಟ್ಟು, ಹಗ್ಗವನ್ನು ಎಡದಂಡೆಯ ಕಾಂಕ್ರೀಟ್ ಪೀಠಕ್ಕೆ ಬಿಗಿದ ರಾಟೆಯಲ್ಲಿ ಸುತ್ತಿ ಗರ್ಡರಿನ ಮೂತಿಗೆ ತಂದಿದ್ದೆವು. ಮೂತಿ ಗೂಡನ್ನು ಮುಟ್ಟುವವರೆಗೆ ಮುಗ್ಗರಿಸದಂತೆ ಬಾಲದ ಮೇಲೆ ಚೀಲಗಳನ್ನು ಹೇರಿದ್ದೆವು. ಗೂಡಿನ ಮೇಲೆ, ರೋಲರಿನ ಎರಡು ಪಕ್ಕಗಳಲ್ಲಿ, ಮೇಸ್ತ್ರಿ ಮತ್ತು ಇನ್ನೊಬ್ಬ. ಇಬ್ಬರ ಸೊಂಟದಿಂದಲೂ ದಂಡೆಗೆ ಹಗ್ಗ. ಸನ್ನೆಕೋಲಿನ ಒಂದೊಂದು ಎಳೆತಕ್ಕೆ ಎರಡು ಅಂಗುಲದಷ್ಟು ಗರ್ಡರ್ ಮುಂದೆ ಸರಿಯಿತು. ಮೊದಲನೆಯದು ಹತ್ತೂವರೆಗೆ ಪೀಠದ ಮೇಲೆ ಕೂತಿತು. ಯಾರೋ ಸಿಳ್ಳೆ ಹೊಡೆದರು.

ಎರಡನೆಯ ಗರ್ಡರ್ ಗೂಡನ್ನು ದಾಟಿ ಮುಕ್ಕಾಲು ಭಾಗ ಹೋಗಿದ್ದಾಗ ಆಕೆ ಎಡದಂಡೆಯಿಂದ ಕೂಗಿದರು: “ಮೇಷ್ಟ್ರೇ, ನೀರು ನೋಡಿ!”

ನಮ್ಮ ತಲೆಯ ಮೇಲೆ ಬಿಸಿಲೇ ಇತ್ತು. ನೀರು ಮಾತ್ರ ಕೆಂಪಾಗುತ್ತಿತ್ತು. ಒಣಎಲೆ, ಕಡ್ಡಿ, ನೊರೆ ತೇಲಿಬರುತ್ತಿದ್ದವು. ಮೇಲೆ ಘಟ್ಟದ ಕಡೆ ಎಲ್ಲೋ ಮಳೆ ಸುರಿದಿತ್ತು. ನೋಡುನೋಡುತ್ತಿದ್ದಂತೆ ಬಂಡೆಯ ಒಣಭಾಗ ಕಿರಿದಾಯಿತು. ಗೆರೆಗೂ ನೀರಿಗೂ ನಡುವೆ ಒಂದು ಮೊಳ ಅಂತರವಿದ್ದದ್ದು ಒಂದು ಗೇಣಿಗೆ ಬಂತು. ನಿಲ್ಲಿಸಿದರೆ ಗರ್ಡರ್ ಗೂಡಿನ ಮೇಲೆ ತೂಗಿಕೊಂಡು ಉಳಿಯುತ್ತದೆ; ಪ್ರವಾಹ ಹೆಚ್ಚಿದರೆ ಗೂಡು, ಗರ್ಡರ್ ಎರಡೂ ಹೋಗಬಹುದು. ಮುಂದುವರಿಸಿದರೆ ಇಬ್ಬರು ನೀರಿನ ನಡುವೆ.

“ಎಳೀರಿ ಸಾರ್, ಎಳೀರಿ!” ಎಂದು ಮೇಸ್ತ್ರಿ ಕೂಗಿದ. “ನೀವು ಗೆರೆ ನೋಡಿ, ನಾನು ರೋಲರ್ ನೋಡ್ತೀನಿ!”

ವಿಂಚಿನವರು ಉಸಿರು ಬಿಡದೆ ಸನ್ನೆಕೋಲು ಜಗ್ಗಿದರು. ನಾನು ಗೆರೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ನಾಲ್ಕು ಬೆರಳು. ಮೂರು. ಒಂದು ಅಲೆ ಬಂದು ಗೆರೆಯನ್ನು ತೋಯಿಸಿ ಹಿಂದೆ ಸರಿಯಿತು. ಮತ್ತೊಂದು ಬಂದದ್ದು ಹಿಂದೆ ಸರಿಯಲಿಲ್ಲ. ಸೀಟಿ ಊದಿದೆ.

“ಇನ್ನೊಂದೇ ಮಾರು ಸಾರ್!” ಎರಡೂ ದಂಡೆಗಳಿಂದ ಜನ ಕಿರುಚಿದರು. ಮೂತಿಗೂ ಪೀಠಕ್ಕೂ ನಡುವೆ ನಿಜವಾಗಿಯೂ ಒಂದು ಮಾರಿನಷ್ಟೇ ಉಳಿದಿತ್ತು. ಮೇಸ್ತ್ರಿ ನನ್ನ ಕಡೆ ತಿರುಗಿದ. ನಾನು ಮತ್ತೆ ಊದಿದೆ. ಬಾಯಿ ಒಣಗಿ ಸೀಟಿಯಿಂದ ಬರೀ ಗಾಳಿ ಬಂತು. ಆದರೂ ಅವನು ಇಳಿದ, ಇನ್ನೊಬ್ಬನನ್ನೂ ಇಳಿಸಿದ. ಸೊಂಟದ ಹಗ್ಗ ಹಿಡಿದು ಎಡದಂಡೆಯವರು ಇಬ್ಬರನ್ನೂ ಎಳೆದುಕೊಂಡರು. ನೀರು ಅವರ ತೊಡೆಯವರೆಗೆ ಬಂದಿತ್ತು.

ಉಳಿದ ಒಂದು ಮಾರನ್ನು ರೋಲರಿನ ಬಳಿ ಯಾರೂ ಇಲ್ಲದೆಯೇ ಎಳೆದೆವು. ಒಂದು ಎಳೆತ, ನಿಲುಗಡೆ, ಎಡದಂಡೆಯಿಂದ ಮೇಸ್ತ್ರಿಯ ಕೈಸನ್ನೆ, ಮತ್ತೊಂದು ಎಳೆತ. ಗರ್ಡರ್ ಸ್ವಲ್ಪ ಓರೆಯಾಗಿ ರೋಲರಿನ ಅಂಚಿಗೆ ಉಜ್ಜಿ ಕಿರ್ರೆಂದಿತು. ಆ ಸದ್ದು ನನ್ನ ಹಲ್ಲುಗಳಿಗೆ ಕೇಳಿಸಿತು. ಕೊನೆಗೆ ಮೂತಿ ಪೀಠವನ್ನು ಮುಟ್ಟಿತು.

ಮಂಗಳವಾರ ಎರಡು ಗರ್ಡರುಗಳ ಮೇಲೆ ತಾತ್ಕಾಲಿಕವಾಗಿ ಹಲಗೆ ಬಿಗಿದು, ಪಕ್ಕಕ್ಕೆ ಹಗ್ಗ ಕಟ್ಟಿದೆವು. ಆಕೆಯ ಗಂಡ ಕುರ್ಚಿಯಿಲ್ಲದೆ, ಹೆಂಡತಿಯ ಭುಜ ಹಿಡಿದು ದಾಟಿದರು. ನಡುವೆ ನಿಂತು ಕೆಳಗೆ ನೋಡಿದರು. ಕೆಂಪುನೀರಿನಲ್ಲಿ ಗೂಡಿನ ನೆತ್ತಿ ಮಾತ್ರ ಕಾಣುತ್ತಿತ್ತು.

ಆ ಮಧ್ಯಾಹ್ನ ನಾನೂ ಮೇಸ್ತ್ರಿಯೂ ಕಂಬ ಬಿಚ್ಚಲು ಎಡದಂಡೆಗೆ ಹೋದೆವು. ದಿಮ್ಮಿ ಹೂತ ಗುಂಡಿ ಸೊಂಟದಷ್ಟು ಕುಸಿದು ಕೆಸರುನೀರು ತುಂಬಿಕೊಂಡಿತ್ತು. ಹಗ್ಗದ ತುದಿ ಅದರಲ್ಲಿ ಸಡಿಲವಾಗಿ ಬಿದ್ದಿತ್ತು. ನಾನು ಒಂದೇ ಕೈಯಿಂದ ಎಳೆದೆ; ಕೆಸರಿನೊಳಗೆ ದಿಮ್ಮಿ ಹೊರಳಿದ್ದು ಕೈಗೆ ತಿಳಿಯಿತು.

“ಬಿರುಕು ಕಂಡ ದಿನ ನಿನಗೆ ಹೆದರಿಕೆಯಾಗಲಿಲ್ಲವೆ?” ಎಂದು ಕೇಳಿದೆ.

“ಆಗಿತ್ತು ಸಾರ್.”

“ಮತ್ತೆ? ಅಸ್ತು ದೇವತೆಗಳೆ?”

ಅವನು ನಕ್ಕ. “ಅದು ಅವ್ರಿಗೆ ಸಾರ್. ನಂಗೆ ಅದಲ್ಲ.” ಹಗ್ಗ ಸುತ್ತುತ್ತ ಹೇಳಿದ: “ನೀವು ಬರ್ದಾಗಿತ್ತಲ್ಲ, ಪರೀಕ್ಷೆ ಮುಗಿದಿದೆ ಅಂತ. ಸಂಕ ಕೆಡವೋದು ಅಂತನೂ ಬರ್ದಾಗಿತ್ತು. ನೀವು ಬರ್ದದ್ದು ತಪ್ಪು ಅಂತ ಹೇಳೋದು ಹೆಂಗೆ? ಎಂಟನೇ ಕ್ಲಾಸಲ್ಲಿ ಒಂದ್ಸಲ ಬೋರ್ಡಲ್ಲಿ ತಪ್ಪು ಅದೆ ಅಂತ ಕೈ ಎತ್ತಿದ್ದೆ. ತಪ್ಪು ನಂದೇ ಆಗಿತ್ತು. ಎರಡು ಪೀರಿಯಡ್ ನಿಲ್ಸಿದ್ರಿ. ಆಮೇಲೆ ಕೈ ಎತ್ತಿಲ್ಲ.”

ನನಗೆ ಆ ದಿನ ನೆನಪಿಲ್ಲ. ಅಂಥ ದಿನಗಳು ಎಷ್ಟೋ ಇದ್ದವು. ಗುಂಡಿಯ ಕೆಸರುನೀರನ್ನು ನೋಡುತ್ತ, ಆ ಎರಡು ಪೀರಿಯಡ್ಡುಗಳಿಂದ ಈ ಗುಂಡಿಯವರೆಗಿನ ದೂರವನ್ನು ಅಳೆದೆ. ಇಪ್ಪತ್ತೇಳು ಸಾಲುಗಳಲ್ಲಿ ಎಲ್ಲಿಯೂ ನಾನು ನನ್ನನ್ನು ಬರೆದುಕೊಂಡಿರಲಿಲ್ಲ.

“ತಪ್ಪು ನನ್ನದು,” ಎಂದೆ. ಅವನಿಗೆ ಮುಜುಗರವಾಯಿತು. “ಇರ್ಲಿ ಬಿಡಿ ಸಾರ್,” ಎಂದು ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿಕೊಂಡ.

ಮಳೆಗಾಲ ಕಳೆದ ಮೇಲೆ ಮೇಗುಂದದ ಕಡೆ ಮತ್ತೊಂದು ಕಾಲುಸೇತುವೆಯ ಕೆಲಸ ಹಿಡಿದೆವು. ಕಲ್ಲು ಹೊರಲು ಆಕೆಯೂ ಬಂದರು. ಈಗ ಹಳ್ಳ ಆಕೆಯನ್ನು ತಡೆಯುವುದಿಲ್ಲ. ಮೊದಲನೆಯ ಸೋಮವಾರ ನಾನು ಖಾಲಿ ದಾಖಲೆ ತೆಗೆದುಕೊಂಡು ಹೋಗಿದ್ದೆ. ಒಂದು ಸಾಲನ್ನೂ ಬರೆದಿರಲಿಲ್ಲ. ಪದ್ಧತಿಯನ್ನು ತಿಳಿಸಿದೆ: ಯಾರಿಗೆ ಯಾವ ಹೆದರಿಕೆ ಇದೆಯೋ ಹೇಳುವುದು, ಹೇಳಿದ ಕೂಡಲೇ ಎಲ್ಲರೂ ಒಟ್ಟಿಗೆ ‘ಬಿಡ್ತು’ ಎನ್ನುವುದು, ಆಮೇಲೆ ನಾನು ಬರೆದುಕೊಳ್ಳುವುದು. “ದೇವತೆಗಳಿಗೆ ಉತ್ತರ ಕೊಟ್ಟ ಹಂಗೂ ಆಯ್ತು,” ಎಂದು ಆಕೆ ಒಪ್ಪಿದರು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಹಾದ ಲೋಟಗಳು ಖಾಲಿಯಾದವು. ನಾನು ಕಾದೆ. ಮೇಸ್ತ್ರಿ ಎದುರಿನ ಕಡಿದಾದ ಮಣ್ಣಿನ ಧರೆಯನ್ನು, ಅದರ ಕೆಳಗೆ ನಾನು ಸಾಮಾನು ಇಡಲು ಗುರುತಿಸಿದ್ದ ಜಾಗವನ್ನು ನೋಡುತ್ತಿದ್ದ. ಕೈ ಎತ್ತಲಿಲ್ಲ, ಕೂತಲ್ಲಿಂದಲೇ ಹೇಳಿದ:

“ಸಾರ್, ನೀವು ಆ ಜಾಗ ಆರಿಸಿದ್ದು ಸರಿ ಇಲ್ಲ. ಈ ಧರೆ ಕೆಳಗೆ ಬರ್ತದೆ ಅಂತ ನಂಗೆ ಹೆದ್ರಿಕೆ.”

“ಬಿಡ್ತು!” ಎಂದು ಎಲ್ಲರೂ ಒಕ್ಕೊರಲಿನಿಂದ ಕೂಗಿದರು. ನಾನೂ ಧರೆಯ ಕಡೆ ನೋಡಿದೆ. ಪೆನ್ನಿನ ಮುಚ್ಚಳ ತೆಗೆದು ಮೊದಲನೆಯ ಸಾಲನ್ನು ಅವನ ಮಾತಿನಲ್ಲಿಯೇ ಬರೆದುಕೊಂಡೆ.